ಬಾಗುವ ಹಲಗೆ

ಮಕ್ಕಳು ಪರದೇಶಗಳಲ್ಲಿ ನೆಲೆ ನಿಂತ ಮೇಲೆ ತಂದೆತಾಯಿಗಳು ಒಮ್ಮೆ ಹೋಗಿ ನಾಲ್ಕಾರು ತಿಂಗಳು ಇದ್ದು ಬರುವುದು ಈಗ ನಮ್ಮ ಮನೆತನಗಳಲ್ಲಿ ಹೊಸ ಮಾತಲ್ಲ. ಹೋಗಿ ಬಂದವರು ಅಲ್ಲಿಯ ಅಗಲವಾದ ರಸ್ತೆಗಳನ್ನೂ ದೊಡ್ಡ ಅಂಗಡಿಗಳನ್ನೂ ಜಲಪಾತಗಳನ್ನೂ ಬಣ್ಣಿಸುತ್ತಾರೆ. ನಾವು ಐದು ತಿಂಗಳು ಅಮೆರಿಕೆಯಲ್ಲಿದ್ದರೂ ನಯಾಗರಾ ನೋಡಲಿಲ್ಲ. ನಾವು ನೋಡಿದ್ದು ಐದು ಅಡಿ ಉದ್ದದ ಒಂದು ಹಲಗೆಯನ್ನು. ಆ ಹಲಗೆಯ ನೆವದಿಂದ ನಮ್ಮ ಮನೆಯಲ್ಲಿ ಬಹುಕಾಲದಿಂದ ಬಿಗಿದುಕೊಂಡಿದ್ದ ಗಂಟೊಂದು ಸಡಿಲವಾಯಿತು. ಅದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

2018ರ ಅಕ್ಟೋಬರಿನಲ್ಲಿ ನಾವು ಹಾವೇರಿಯಿಂದ ಹೊರಟು ಮಗನ ಮನೆ ಸೇರಿದೆವು. ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿ, ಲಾಸ್ ಏಂಜಲೀಸಿನಿಂದ ವಾಯವ್ಯಕ್ಕೆ ಸುಮಾರು 80 ಮೈಲಿ ದೂರದಲ್ಲಿ ಕಾರ್ಪಿಂಟೀರಿಯಾ ಎಂಬ ಸಣ್ಣ ಊರಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ಬಡಗಿಯ ಕೆಲಸದ ಮನೆ ಎಂದರ್ಥವಂತೆ. 1769ರಲ್ಲಿ ಸ್ಪೇನಿನ ಸೈನಿಕರು ಆ ದಾರಿಯಾಗಿ ಬಂದಾಗ ಅಲ್ಲಿಯ ಮೂಲನಿವಾಸಿಗಳಾದ ಚುಮಾಶ್ ಜನರು ಹಲಗೆಗಳನ್ನು ಜೋಡಿಸಿ ದೋಣಿ ಕಟ್ಟುತ್ತಿದ್ದುದನ್ನು ಕಂಡು ಈ ಹೆಸರಿಟ್ಟರು. ಅಲ್ಲಿ ದಂಡೆಯ ನೆಲದಿಂದಲೇ ಡಾಂಬರು ಒಸರುತ್ತದೆ. ಆ ಜನರು ಅದನ್ನು ಕಾಯಿಸಿ ದೋಣಿಯ ಸಂದುಗಳಿಗೆ ತುಂಬುತ್ತಿದ್ದರು. ಇಂದಿಗೂ ಮರಳಿನ ಮೇಲೆ ಬರಿಗಾಲಿನಲ್ಲಿ ತಿರುಗಾಡಿ ಬಂದರೆ ಅಂಗಾಲಿಗೆ ಡಾಂಬರು ಮೆತ್ತಿರುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಬೇಕು. ಕೈಗಾರಿಕಾ ತರಬೇತಿ ಕೇಂದ್ರವೊಂದರಲ್ಲಿ ಮೂವತ್ತು ವರ್ಷ ಬಡಗಿ ಕೆಲಸ ಕಲಿಸಿ ನಿವೃತ್ತರಾದ ನಮ್ಮ ಯಜಮಾನರಿಗೆ ಊರಿನ ಈ ಹೆಸರು ಬಹಳ ಹಿಡಿಸಿತು. ಆದರೆ ಮನೆಯಿಂದ ಕಾಣುವ ಕಡಲಿಗೆ ಮಾತ್ರ ಅವರು ಬೆನ್ನು ಹಾಕಿಯೇ ಕೂಡುತ್ತಿದ್ದರು.

ಅದಕ್ಕೆ ಕಾರಣವಿತ್ತು. ಅವರ ಊರು ವರದಾ ನದಿಯ ದಡದ ಒಂದು ಹಳ್ಳಿ. 1962ರ ಬೇಸಗೆಯಲ್ಲಿ ಅವರ ತಮ್ಮ, ಹನ್ನೊಂದು ವರ್ಷದ ಹುಡುಗ, ಈಜು ಕಲಿಯಲು ಹೋಗಿ ಹೊಳೆಯ ಮಡುವಿನಲ್ಲಿ ಮುಳುಗಿ ತೀರಿಕೊಂಡನು. ನಮ್ಮ ಮದುವೆಯಾದಾಗಿನಿಂದ ಈ ವಿಷಯವನ್ನು ಅತ್ತೆಯವರ ಬಾಯಿಂದ ಕೇಳಿದ್ದೆವೇ ಹೊರತು ಯಜಮಾನರು ಒಮ್ಮೆಯೂ ಆಡಿರಲಿಲ್ಲ. ನಮ್ಮ ಮಗ ನೀರಿನ ಹತ್ತಿರ ಸುಳಿಯಬಾರದೆಂಬುದು ಮನೆಯ ಕಟ್ಟಳೆಯಾಗಿತ್ತು. ಅವನಿಗೆ ಹನ್ನೆರಡು ವರ್ಷವಾಗಿದ್ದಾಗ, 1990ರಲ್ಲಿ, ಗೆಳೆಯರಿಂದ ಒಣಗಿದ ಸೋರೆಬುರುಡೆಯೊಂದನ್ನು ತಂದು ಬಣವೆಯಲ್ಲಿ ಬಚ್ಚಿಟ್ಟಿದ್ದನು. ನಮ್ಮ ಕಡೆ ಬುರುಡೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುವುದು ವಾಡಿಕೆ. ಯಜಮಾನರು ಅದನ್ನು ಹುಡುಕಿ ತೆಗೆದು, ಮಗನ ಕಣ್ಣೆದುರಿಗೇ ಒಲೆಗೆ ಹಾಕಿದರು. ಒಂದು ಮಾತೂ ಆಡಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಅಂದಿನಿಂದ ತಂದೆ ಮಗನ ನಡುವೆ ಮಾತು ಕಡಿಮೆಯಾಯಿತು. ಅಂಕಪಟ್ಟಿ ತೋರಿಸುವುದು, ಹಣ ಕೇಳುವುದು, ಮುಂದೆ ಫೋನಿನಲ್ಲಿ ಆರೋಗ್ಯ ವಿಚಾರಿಸುವುದು, ಇಷ್ಟೇ ಉಳಿಯಿತು. ನಡುವೆ ನಿಂತು ಎರಡೂ ಕಡೆಯ ಮಾತುಗಳನ್ನು ದಾಟಿಸುವ ಕೆಲಸ ತಾಯಿಯಾದ ನಮ್ಮ ಪಾಲಿಗೆ ಬಂದಿತು.

ನವೆಂಬರಿನಲ್ಲಿ ಒಂದು ದಿನ ಅಕ್ಕಿಯ ಚೀಲವಿಡಲೆಂದು ನಾವು ಮಗನ ಮನೆಯ ಗ್ಯಾರೇಜಿನ ಬಾಗಿಲು ತೆರೆದೆವು. ಗೋಡೆಗೆ ಒರಗಿಸಿದ್ದ ವಿಚಿತ್ರ ವಸ್ತುವೊಂದು ಕಣ್ಣಿಗೆ ಬಿದ್ದಿತು. ಸುಮಾರು ಐದು ಅಡಿ ಉದ್ದ, ಎರಡು ಅಡಿಗೆ ಸ್ವಲ್ಪ ಕಡಿಮೆ ಅಗಲ, ಅಂಚುಗಳು ದಪ್ಪ, ನಡುಭಾಗ ಸೌಟಿನಂತೆ ತಗ್ಗು, ಬಾಲದ ಕಡೆ ಬೆಳಕು ತೂರಿಬರುವಷ್ಟು ತೆಳುವು. ಪಕ್ಕದಲ್ಲಿ ಕಪ್ಪೆಯ ಪಾದವನ್ನು ಹೋಲುವ ಒಂದು ಜೊತೆ ರಬ್ಬರಿನ ಪಾದಗಳು. ಸಂಜೆ ಮಗನನ್ನು ಕೇಳಿದಾಗ ಅವನು ಚಿಕ್ಕ ಹುಡುಗನಂತೆ ತಲೆ ತಗ್ಗಿಸಿದನು. ಈ ದೇಶಕ್ಕೆ ಬಂದ ಮೇಲೆ, ಮೂವತ್ತನೆಯ ವಯಸ್ಸಿನಲ್ಲಿ ಈಜು ಕಲಿತನಂತೆ. ನಾಲ್ಕು ವರ್ಷಗಳಿಂದ ಕಡಲಿನ ಅಲೆಗಳ ಮೇಲೆ ಮೊಣಕಾಲೂರಿ ಸವಾರಿ ಮಾಡುತ್ತಿದ್ದಾನಂತೆ. ಆ ಹಲಗೆಯನ್ನು ತಾನೇ ಕಟ್ಟಿದ್ದನು.

“ಅವ್ವಾ, ಅಪ್ಪಾಜಿಗೆ ಹೇಳಬ್ಯಾಡ” ಎಂದನು.

ನಾವು ಹೇಳಲಿಲ್ಲ. ಅದು ಸರಿಯೋ ತಪ್ಪೋ ಎಂದು ಇಂದಿಗೂ ನಿರ್ಧರಿಸಲಾರೆವು. ಆದರೆ ಯಜಮಾನರು ಮಧ್ಯಾಹ್ನ ಮಲಗಿದಾಗ ಮಗನು ಅಡುಗೆಮನೆಯಲ್ಲಿ ಕುಳಿತು ಆ ಹಲಗೆಯ ಕಥೆಯನ್ನು ಬಿಡಿಬಿಡಿಯಾಗಿ ಹೇಳತೊಡಗಿದನು. ಎಷ್ಟೋ ವರ್ಷಗಳ ಮೇಲೆ ಅವನ ಬಾಯಿಂದ ಅಷ್ಟು ಮಾತು ಕೇಳಿ ನಮಗೆ ಸಂತೋಷವೂ ಆಯಿತು.

ಅಲೆಯ ಮೇಲೆ ಹಲಗೆಯಲ್ಲಿ ಸಾಗುವ ಕಲೆ ಹವಾಯಿ ದ್ವೀಪಗಳ ಜನರಿಂದ ಬಂದದ್ದು. ಮಲಗಿ, ಮೊಣಕಾಲೂರಿ, ನಿಂತು, ಹೀಗೆ ನಾನಾ ಬಗೆಯಲ್ಲಿ ಅವರು ಸವಾರಿ ಮಾಡುತ್ತಿದ್ದರು. 1960ರ ದಶಕದ ನಡುವಿನವರೆಗೂ ನಿಂತು ಹೋಗುವವರ ಹಲಗೆಗಳು ಒಂಬತ್ತು ಹತ್ತು ಅಡಿ ಉದ್ದವಾಗಿ, ಬಿಗಿಯಾಗಿ, ಭಾರವಾಗಿ ಇರುತ್ತಿದ್ದವು. ಆಗ ಕಾರ್ಪಿಂಟೀರಿಯಾಕ್ಕೆ ಸಮೀಪದ ಸಾಂಟಾ ಬಾರ್ಬರಾದಲ್ಲಿ 1941ರಲ್ಲಿ ಹುಟ್ಟಿದ ಜಾರ್ಜ್ ಗ್ರೀನೋ ಎಂಬ ತರುಣನು ಬೇರೊಂದು ದಾರಿ ಹಿಡಿದನು. ಅವನದು ಮೊಣಕಾಲೂರಿ ಹೋಗುವ ಗಿಡ್ಡ ಹಲಗೆ. ಅದನ್ನು ನೀಬೋರ್ಡ್ ಎನ್ನುತ್ತಾರೆ. ತೇಲಿಸುವ ಫೋಮನ್ನು ಅವನು ಅಂಚುಗಳಲ್ಲಿ ಮಾತ್ರ ಉಳಿಸಿ, ನಡುವನ್ನೂ ಬಾಲವನ್ನೂ ಕೇವಲ ಗಾಜಿನ ನೂಲಿನ ಬಟ್ಟೆ ಮತ್ತು ರೆಸಿನ್ನಿನಿಂದ ತೆಳ್ಳಗೆ ಮಾಡಿದನು. ಆ ಹಲಗೆಗೆ ವೆಲೋ ಎಂದು ಹೆಸರಿಟ್ಟನು. ಅಡಿಯಲ್ಲಿ ಸಿಕ್ಕಿಸುವ ರೆಕ್ಕೆಯನ್ನು ಟ್ಯೂನಾ ಮೀನಿನ ಬಾಲದ ಆಕಾರ ನೋಡಿ ಕಿರಿದಾಗಿ, ಬಾಗುವಂತೆ ರೂಪಿಸಿದನು. ಅವನು ಆಸ್ಟ್ರೇಲಿಯಾಕ್ಕೆ ಹೋದಾಗ ಅಲ್ಲಿಯ ಬಾಬ್ ಮೆಕ್‌ಟಾವಿಶ್, ನ್ಯಾಟ್ ಯಂಗ್ ಮೊದಲಾದವರು ಈ ಗಿಡ್ಡ ಹಲಗೆ ಅಲೆಯ ಮೇಲೆ ತಿರುಗುವ ಪರಿಯನ್ನು ಕಂಡು ಬೆರಗಾದರು. 1966ರಲ್ಲಿ ಸ್ಯಾನ್ ಡಿಯಾಗೋದಲ್ಲಿ ನಡೆದ ವಿಶ್ವ ಸ್ಪರ್ಧೆಯನ್ನು ನ್ಯಾಟ್ ಯಂಗ್ ಗೆದ್ದಾಗ ಅವನ ಹಲಗೆಯ ಅಡಿಯಲ್ಲಿದ್ದುದು ಗ್ರೀನೋ ಮಾದರಿಯ ರೆಕ್ಕೆ. ಮುಂದಿನ ಒಂದೆರಡು ವರ್ಷಗಳಲ್ಲಿ ನಿಂತು ಹೋಗುವವರ ಹಲಗೆಗಳೂ ಗಿಡ್ಡವಾದವು. ಗ್ರೀನೋ ಭಾರವಾದ ಕ್ಯಾಮೆರಾವನ್ನು ಬೆನ್ನ ಮೇಲೆ ಹೊತ್ತು, ಸುರುಳಿ ಸುತ್ತುವ ಅಲೆಯ ಒಳಗಿನಿಂದಲೇ ಚಿತ್ರ ತೆಗೆದನು. 1973ರ ‘ಕ್ರಿಸ್ಟಲ್ ವಾಯೇಜರ್’ ಚಿತ್ರದಲ್ಲಿ ಆ ದೃಶ್ಯಗಳಿವೆ. ಮಗನು ಅದನ್ನು ತೋರಿಸಿದಾಗ ನೀರಿನ ಗುಹೆಯೊಂದರಲ್ಲಿ ಕುಳಿತಂತೆ ಭಾಸವಾಯಿತು.

“ಹಲಗೆ ಯಾಕ ಬಾಗಬೇಕು?” ಎಂದು ನಾವು ಕೇಳಿದೆವು. ಮಗನು ಉಕ್ಕಿನ ಅಡಿಪಟ್ಟಿಯೊಂದನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಹೊರಗೆ ಚಾಚಿದ ತುದಿಯನ್ನು ಬಾಗಿಸಿ ಬಿಟ್ಟನು. ಅದು ಚಿಮ್ಮಿ ಮೊದಲಿನಂತಾಯಿತು. ಅಲೆಯ ಮೈ ಬಾಗಿರುತ್ತದೆ. ನೇರವಾದ ಹಲಗೆ ನೇರ ಓಟಕ್ಕೆ ಒಳ್ಳೆಯದು, ಆದರೆ ತಿರುಗಿಸುವಾಗ ಬಾಗಿದ ಹಲಗೆಯೇ ಬೇಕು. ಬಿಗಿಯಾದ ಹಲಗೆಗೆ ಒಂದೇ ಆಕಾರ. ತೆಳುಬಾಲದ ಹಲಗೆಯಾದರೋ, ಸವಾರನು ಮೊಣಕಾಲಿನ ಭಾರ ಹಾಕಿ ತಿರುಗಿಸುವಾಗ ಬಾಗಿ ಅಲೆಯ ಮೈಗೆ ಹೊಂದಿಕೊಳ್ಳುತ್ತದೆ. ಭಾರ ತೆಗೆದೊಡನೆ ನೇರವಾಗುತ್ತ, ತನ್ನಲ್ಲಿ ಕೂಡಿಟ್ಟ ಬಲವನ್ನು ಸವಾರನಿಗೆ ಹಿಂತಿರುಗಿಸಿ ಮುಂದಕ್ಕೆ ತಳ್ಳುತ್ತದೆ. ಅದರ ಕುಂದೆಂದರೆ, ಫೋಮು ಕಡಿಮೆಯಿರುವುದರಿಂದ ನಿಂತ ನೀರಿನಲ್ಲಿ ಸವಾರನನ್ನು ಹೊತ್ತು ತೇಲಲಾರದು, ಅರ್ಧ ಮುಳುಗಿಯೇ ಇರುತ್ತದೆ. ರಬ್ಬರಿನ ಪಾದಗಳಿಂದ ಬಲವಾಗಿ ಒದ್ದು ಅಲೆಯನ್ನು ಹಿಡಿಯಬೇಕು. ವೇಗ ಬಂದ ಮೇಲಷ್ಟೇ ಅದು ಮೇಲೆದ್ದು ಓಡುತ್ತದೆ.

ಜನವರಿ 2019ರ ಮೊದಲ ವಾರ. ಕಾರ್ಪಿಂಟೀರಿಯಾದಿಂದ ಮೂರು ಮೈಲಿ ದೂರದ ರಿಂಕನ್ ಎಂಬಲ್ಲಿ ಭೂಮಿ ಮೂಗಿನಂತೆ ಕಡಲಿಗೆ ಚಾಚಿಕೊಂಡಿದೆ. ಚಳಿಗಾಲದಲ್ಲಿ ಅಲ್ಲಿ ಅಲೆಗಳು ಗುಂಡುಕಲ್ಲುಗಳ ದಂಡೆಯ ಗುಂಟ ಒಂದೇ ಕ್ರಮದಲ್ಲಿ ಮುರಿಯುತ್ತ ಬಹುದೂರ ಓಡುತ್ತವೆ. ಆ ಬೆಳಿಗ್ಗೆ “ಕೆಲಸಕ್ಕೆ ಬೇಗ ಹೊರಟೆ” ಎಂದು ಹೋದ ಮಗನು ಹತ್ತು ಗಂಟೆಯ ಹೊತ್ತಿಗೆ ತೊಡೆಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದನು. ತಿರುವಿನಲ್ಲಿ ಹಲಗೆಯ ಬಾಲ ಮುರಿದು, ಗಾಜಿನ ಚೂಪಾದ ಅಂಚು ರಬ್ಬರಿನ ಉಡುಪನ್ನು ಸೀಳಿ ತೊಡೆಗೆ ತಾಗಿತ್ತು. ಏಳು ಹೊಲಿಗೆ ಬಿದ್ದಿದ್ದವು. ಇನ್ನು ಮುಚ್ಚಿಡುವುದೇನೂ ಉಳಿಯಲಿಲ್ಲ.

ಯಜಮಾನರು ಕೂಗಾಡುವರೆಂದು ನಾವು ನಡುಗುತ್ತಿದ್ದೆವು. ಅವರು ಒಂದು ಮಾತನ್ನೂ ಆಡಲಿಲ್ಲ. ಆ ಮೌನವನ್ನು ನಾವು 1990ರಲ್ಲಿ ಕಂಡಿದ್ದೆವು. ನಮ್ಮನ್ನು ಮಾತ್ರ ಒಮ್ಮೆ ನೋಡಿ, “ನಿನಗ ಗೊತ್ತಿತ್ತು” ಎಂದರು. ಮೂರು ದಿನ ಮನೆಯಲ್ಲಿ ಊಟ ಬಡಿಸುವ ಸಪ್ಪಳವಷ್ಟೇ ಇತ್ತು. ಮೊಮ್ಮಕ್ಕಳು ಕೂಡ ಮೆಲ್ಲಗೆ ಮಾತಾಡುತ್ತಿದ್ದವು. ಹಿಂತಿರುಗುವ ಟಿಕೀಟನ್ನು ಮುಂಚಿತಗೊಳಿಸಲು ಹೇಳುವರೋ ಏನೋ ಎಂದು ನಾವೂ ಸೊಸೆಯೂ ಚಿಂತಿಸಿದೆವು.

ನಾಲ್ಕನೆಯ ದಿನ ಬೆಳಗಿನ ಜಾವ ಎದ್ದು ನೋಡಿದರೆ ಗ್ಯಾರೇಜಿನಲ್ಲಿ ದೀಪ ಉರಿಯುತ್ತಿತ್ತು. ಯಜಮಾನರು ಕನ್ನಡಕ ಹಾಕಿಕೊಂಡು, ಮುರಿದ ಹಲಗೆಯನ್ನು ಮೇಜಿನ ಮೇಲಿಟ್ಟು, ಮುರಿದ ಗೆರೆಯ ಮೇಲೆ ಬೆರಳಾಡಿಸುತ್ತಿದ್ದರು. ಕುಂಟುತ್ತ ಬಂದ ಮಗನು ಬಾಗಿಲಲ್ಲಿಯೇ ನಿಂತನು. ಅವನ ಕಡೆ ನೋಡದೆಯೇ ಅವರು, “ಇದು ಇಲ್ಲೇ ಮುರೀಬೇಕಾಗಿತ್ತು. ನೋಡು, ಎಲ್ಲಾ ಅರಿವಿ ಒಂದ ಕಡೆ ಮುಗಿಸೀದಿ” ಎಂದರು.

ಮುರಿದ ಗೆರೆ ಅಡಿಪಟ್ಟಿ ಇಟ್ಟು ಎಳೆದಂತೆ ನೇರವಾಗಿತ್ತು. ಮಗನು ನಡುಭಾಗಕ್ಕೆ ಗಾಜಿನ ಬಟ್ಟೆಯ ಎಂಟು ಪದರಗಳನ್ನು ಹಾಕಿ, ಬಾಲಕ್ಕೆ ನಾಲ್ಕನ್ನು ಮಾತ್ರ ಮುಂದುವರಿಸಿದ್ದನು. ಉಳಿದ ನಾಲ್ಕೂ ಒಂದೇ ಗೆರೆಯಲ್ಲಿ ನಿಂತಿದ್ದವು. ಬಡಗಿಯ ಲೆಕ್ಕವನ್ನು ಯಜಮಾನರು ಅಲ್ಲಿಯೇ ವಿವರಿಸಿದರು. ಹಲಗೆಯ ದಪ್ಪ ಇಮ್ಮಡಿಯಾದರೆ ಅದರ ಬಿಗುವು ಎರಡು ಮಡಿಯಲ್ಲ, ಎಂಟು ಮಡಿಯಾಗುತ್ತದೆ. ದಪ್ಪ ಅರ್ಧವಾದರೆ ಬಿಗುವು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆ ಗೆರೆಯ ಈಚೆ ಇದ್ದ ಬಿಗುವು ಆಚೆಗೆ ಒಮ್ಮೆಲೇ ಎಂಟನೆಯ ಒಂದು ಪಾಲಾದ್ದರಿಂದ ಬಾಗುವ ಕಷ್ಟವೆಲ್ಲ ಆ ಒಂದು ಗೆರೆಯ ಮೇಲೆಯೇ ಬಿದ್ದಿತ್ತು. “ಲಾರಿಯ ಕಮಾನುಪಟ್ಟಿ ನೋಡಿಲ್ಲೇನು? ಒಂದರ ಕೆಳಗೊಂದು, ಒಂದಕ್ಕಿಂತ ಒಂದು ಗಿಡ್ಡ. ಬಾರುಕೋಲು ನೋಡಿಲ್ಲೇನು? ಬುಡದಿಂದ ತುದಿಗೆ ಸಣ್ಣಾಗಿ ಹೋಗತದ. ಗಡಸು ಇದ್ದದ್ದು ಮೆತ್ತಗಾಗಬೇಕಂದರ ಸಾವಕಾಶ ಆಗಬೇಕು.”

ಅಂದಿನಿಂದ ಗ್ಯಾರೇಜು ತರಬೇತಿ ಕೇಂದ್ರವಾಯಿತು. ಮೊದಲು ಯಜಮಾನರು ಎರಡು ಮಾದರಿ ಪಟ್ಟಿಗಳನ್ನು ಮಾಡಿಸಿದರು. ಒಂದರಲ್ಲಿ ಪದರಗಳೆಲ್ಲ ಒಂದೇ ಕಡೆ ಮುಗಿದಿದ್ದವು, ಇನ್ನೊಂದರಲ್ಲಿ ಎರಡೆರಡು ಅಂಗುಲ ಹಿಂದುಮುಂದಾಗಿ ಮೆಟ್ಟಿಲಿನಂತೆ ಮುಗಿದಿದ್ದವು. ಎರಡನ್ನೂ ಮೇಜಿಗೆ ಬಿಗಿದು ತುದಿಗೆ ಅಕ್ಕಿಯ ಚೀಲ ತೂಗಹಾಕಿ ಭಾರ ಹೆಚ್ಚಿಸುತ್ತ ಹೋದಾಗ ಮೊದಲನೆಯದು ಚಟ್ಟೆಂದು ಬಿರಿಯಿತು. ಎರಡನೆಯದು ಬಿಲ್ಲಿನಂತೆ ಬಾಗಿ, ಚೀಲ ತೆಗೆದೊಡನೆ ನೇರವಾಯಿತು. ತಂದೆ ಮಗ ಇಬ್ಬರೂ ಒಟ್ಟಿಗೇ ನಕ್ಕ ಸದ್ದು ಅಡುಗೆಮನೆಗೆ ಕೇಳಿಸಿತು.

ಹಲಗೆ ಮುಗಿಯಲು ಮೂರು ವಾರ ಹಿಡಿಯಿತು. ಫೋಮಿನ ಅಂಚುಗಳನ್ನು ಕೀಸುಳಿ, ಮರಳುಕಾಗದಗಳಿಂದ ರೂಪಿಸುವ ಕೆಲಸ ಯಜಮಾನರದು. ಎಪ್ಪತ್ತರ ವಯಸ್ಸಿನಲ್ಲಿಯೂ ಅವರ ಅಂಗೈಗೆ ಕೂದಲೆಳೆಯಷ್ಟು ಉಬ್ಬುತಗ್ಗು ತಿಳಿಯುತ್ತಿತ್ತು. ರೆಸಿನ್ ಬೆರೆಸುವುದು ಮಗನದು. ಗಟ್ಟಿಗೊಳಿಸುವ ದ್ರವ ಸೇರಿಸಿದ ಮೇಲೆ ಅದು ಬಿಸಿಯಾಗುತ್ತ ಕಾಲು ಗಂಟೆಯಲ್ಲಿ ಹೆಪ್ಪುಗಟ್ಟುವುದರಿಂದ ಬಟ್ಟೆಗೆ ಬೇಗ ಬೇಗ ಉಣಿಸಿ, ಒಳಗಿನ ಗಾಳಿಗುಳ್ಳೆಗಳನ್ನು ಒತ್ತಿ ತೆಗೆಯಬೇಕು. ಅದರ ವಾಸನೆ ತಲೆ ಸುತ್ತಿಸುವಂತಹುದು, ಗಾಜಿನ ಧೂಳು ಮೈಗೆ ತಾಗಿದರೆ ನವೆ. ಬಾಗಿಲು ತೆರೆದಿಟ್ಟು, ಇಬ್ಬರೂ ಮುಖವಾಡ, ಕೈಗವಸು ಧರಿಸಿಯೇ ಕೆಲಸ ಮಾಡುತ್ತಿದ್ದರು. ಬಾಲವು ಬಾಗಬೇಕು, ಆದರೆ ತಿರುಚಬಾರದು ಎಂದು ಎರಡು ಪದರಗಳ ನೂಲನ್ನು ಓರೆಯಾಗಿ, 45 ಡಿಗ್ರಿ ಕೋನದಲ್ಲಿ ಹಾಸಿದರು.

ಕೊನೆಯ ಪದರ ಹಾಕಿದ ರಾತ್ರಿ ಚಹಾ ಒಯ್ದು ಕೊಡಲು ಹೋದೆವು. ಯಜಮಾನರು ಸ್ಟೂಲಿನ ಮೇಲೆ ಕುಳಿತಿದ್ದರು. ಯಾರೂ ಕೇಳದೆಯೇ, ತಾವಾಗಿಯೇ ತಮ್ಮನ ಮಾತು ತೆಗೆದರು. ಅಂದು ಹೊಳೆಗೆ ಅವನನ್ನು ಕರೆದುಕೊಂಡು ಹೋದವರು ಅವರೇ. ಅವನ ಸೊಂಟಕ್ಕೆ ಸೋರೆಬುರುಡೆ ಕಟ್ಟಿದವರೂ ಅವರೇ. ನೀರಿನಲ್ಲಿ ಗಂಟು ಬಿಚ್ಚಿ ಬುರುಡೆ ಒಂದು ಕಡೆ ತೇಲಿತು, ತಮ್ಮ ಕಾಣಲಿಲ್ಲ. “ಆ ಗಂಟು ನಾನು ಹಾಕಿದ್ದು. ನಮ್ಮ ಅಪ್ಪ, ಅವ್ವ ಯಾರಿಗೂ ಹೇಳಲಿಲ್ಲ” ಎಂದರು.

ನಲವತ್ತಕ್ಕೂ ಹೆಚ್ಚು ವರ್ಷ ಒಟ್ಟಿಗೆ ಬಾಳಿದ ನಮಗೂ ಇದು ತಿಳಿದಿರಲಿಲ್ಲ. ಮಗನು ಬಹಳ ಹೊತ್ತು ಸುಮ್ಮನಿದ್ದನು. ಆ ಮೇಲೆ, “ಅಪ್ಪಾಜಿ, ಆಗ ನಿಮಗೂ ಹದಿನಾಲ್ಕೇ ವರ್ಷ” ಎಂದನು. ಅವನ ಹಿರಿಯ ಮಗನಿಗೆ ಆಗ ಹದಿಮೂರು ನಡೆಯುತ್ತಿತ್ತು.

“ನಿನ್ನ ಬುರುಡಿ ಸುಟ್ಟಾಗರೆ ಹೇಳಬೇಕಾಗಿತ್ತು. ಒಮ್ಮೆಲೇ ಕಡದಬಿಟ್ಟೆ” ಎಂದರು ಯಜಮಾನರು. ಚಹಾ ಆರಿಹೋಗಿತ್ತು, ಮತ್ತೆ ಕಾಯಿಸಿ ತಂದೆವು.

ಗಾಯ ಮಾಯ್ದು, ವೈದ್ಯರು ಅಪ್ಪಣೆ ಕೊಟ್ಟ ಮೇಲೆ, ಫೆಬ್ರುವರಿಯ ಒಂದು ಭಾನುವಾರ ನಾವೆಲ್ಲರೂ ರಿಂಕನ್ನಿಗೆ ಹೋದೆವು. ಯಜಮಾನರು ಕಡಲಿಗೆ ಮುಖ ಮಾಡಿ ನಿಂತುದನ್ನು ನಾವು ನೋಡಿದ್ದು ಅದೇ ಮೊದಲು. ಕಾರಿನಿಂದ ಇಳಿದೊಡನೆ ಮಗನಿಗೆ ಪ್ರಶ್ನೆಗಳ ಮಳೆ ಸುರಿಸಿದರು. ಒಬ್ಬನೇ ಹೋಗುವೆಯಾ? ಇಲ್ಲ, ಇಬ್ಬರು ಗೆಳೆಯರಿದ್ದಾರೆ. ಯಾವ ಕಡೆ ನೀರು ಸೆಳೆಯುತ್ತದೆ? ಹತ್ತು ನಿಮಿಷ ದಂಡೆಯಲ್ಲಿ ನಿಂತು ನೋಡಿಯೇ ಇಳಿಯುತ್ತೇನೆ. ಹಲಗೆ ಕೈತಪ್ಪಿದರೆ? ಕಾಲಿಗೆ ರಬ್ಬರಿನ ಪಾದಗಳಿರುವುದರಿಂದ ಈಜಿ ಬರುತ್ತೇನೆ. ಹಲಗೆಗೂ ಸವಾರನ ಕಾಲಿಗೂ ನಡುವೆ ಒಂದು ಹಗ್ಗವಿರುತ್ತದೆ. ಮಗನು ಅದರ ದಾರವನ್ನು ತಂದೆಯ ಕೈಗೆ ಕೊಟ್ಟು, “ಈ ಗಂಟು ನೀವ ಹಾಕ್ರಿ, ಅಪ್ಪಾಜಿ” ಎಂದನು.

ಯಜಮಾನರ ಕೈ ಸ್ವಲ್ಪ ನಡುಗಿತು. ಗಂಟು ಹಾಕಿ, ಬಿಚ್ಚಿ, ಮತ್ತೆ ಹಾಕಿ, ಮೂರು ಸಲ ಜಗ್ಗಿ ನೋಡಿ ಬಿಟ್ಟುಕೊಟ್ಟರು.

ನೀರು 13-14 ಡಿಗ್ರಿಯಷ್ಟು ತಣ್ಣಗಿತ್ತು. ದೂರದಲ್ಲಿ ಮಗನ ತಲೆ, ಹೆಗಲುಗಳಷ್ಟೇ ಕಾಣುತ್ತಿದ್ದವು. ಮುಳುಗಿದನೇನೋ ಎಂದು ಎದೆ ಹೊಡೆದುಕೊಂಡಿತು. ಎರಡು ಅಲೆಗಳು ಅವನನ್ನು ಬಿಟ್ಟು ಹೋದವು. ಮೂರನೆಯದರ ಮುಂದೆ ಅವನು ಜೋರಾಗಿ ಕಾಲು ಬಡಿದನು. ಹಲಗೆ ಮೇಲೆದ್ದಿತು. ಮೊಣಕಾಲೂರಿ ಕುಳಿತ ಅವನ ಪಕ್ಕದಲ್ಲಿ ಅಲೆ ಗೋಡೆಯಂತೆ ನಿಂತಿತ್ತು. ಅವನು ಭಾರ ಹಾಕಿ ಬಾಗಿದಾಗ ಹಲಗೆ ಅಲೆಯ ಮೈಯನ್ನು ಸವರುತ್ತ ತಿರುಗಿ, ಕವಣೆಯಿಂದ ಬೀಸಿದಂತೆ ಮುಂದೆ ನುಗ್ಗಿತು. ದಂಡೆಯ ಕಲ್ಲುಗಳವರೆಗೂ ಓಡಿ ಬಂದಿತು. ಯಜಮಾನರು ಅಷ್ಟು ಹೊತ್ತು ನಮ್ಮ ಕೈಯನ್ನು ಬಿಗಿಯಾಗಿ ಹಿಡಿದಿದ್ದರು. ಮಗನು ಎದ್ದು ನಿಂತು ಕೈ ಬೀಸಿದ ಮೇಲೆ ಬಿಟ್ಟು, “ಬಾಲ ಇನ್ನೂ ಎಳ್ಳಷ್ಟು ತೆಳ್ಳಗ ಮಾಡಬಹುದು” ಎಂದರು.

ಮಾರ್ಚಿಯಲ್ಲಿ ನಾವು ಹಾವೇರಿಗೆ ಮರಳಿದೆವು. ಆ ಬೇಸಗೆಗೆ ದಾವಣಗೆರೆಯಿಂದ ಮಗಳ ಮಗ ಬಂದಾಗ ಯಜಮಾನರು ಸಂತೆಯಲ್ಲಿ ಹುಡುಕಿ ಸೋರೆಬುರುಡೆ ತಂದರು. ಪರಿಚಿತರ ತೋಟದ ಬಾವಿಯಲ್ಲಿ, ಈಜು ಬಲ್ಲ ಇಬ್ಬರನ್ನು ನೀರಿನಲ್ಲಿ ನಿಲ್ಲಿಸಿ, ತಾವೇ ಗಂಟು ಹಾಕಿ ಅವನನ್ನು ಇಳಿಸಿದರು. ಹದಿನೈದು ದಿನಗಳಲ್ಲಿ ಹುಡುಗ ಬುರುಡೆಯಿಲ್ಲದೆ ಈಜತೊಡಗಿದನು. ಈಗ ಪ್ರತಿ ಭಾನುವಾರ ಮಗನ ಫೋನು ಬರುತ್ತದೆ. ಮೊದಲು ತಂದೆಯೊಡನೆ ಪದರ, ದಪ್ಪ, ರೆಕ್ಕೆಗಳ ಮಾತು ಮುಗಿದು ಆ ಮೇಲೆ ನಮ್ಮ ಸರದಿ. ನಡುವೆ ನಿಂತು ಮಾತು ದಾಟಿಸುವ ಕೆಲಸದಿಂದ ನಮಗೆ ನಿವೃತ್ತಿಯಾಗಿದೆ.

ನಮ್ಮ ಮೂಲ್ಕಿಯ ಕಡಲಿನಲ್ಲಿಯೂ ಈಗ ಅಲೆಸವಾರಿ ಕಲಿಯುವ ತರುಣರಿದ್ದಾರೆ. ಎಲ್ಲರ ಮಕ್ಕಳೂ ಅಲೆಗಳ ಮೇಲೆ ಹೋಗಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಮಕ್ಕಳಿಗೆ ಈಜು ಕಲಿಸಿರಿ, ಬಲ್ಲವರ ಕಣ್ಣೆದುರಿನಲ್ಲಿಯೇ ಕಲಿಸಿರಿ. ಯಾವುದನ್ನಾದರೂ ಬೇಡವೆನ್ನಬೇಕಾಗಿ ಬಂದರೆ ಏಕೆ ಬೇಡವೆಂಬುದನ್ನೂ ಅವರಿಗೆ ಹೇಳಿರಿ. ಮನೆಯಲ್ಲಿ ಬಿಗುವೂ ಬೇಕು, ಬಾಗುವಿಕೆಯೂ ಬೇಕು. ಒಂದರಿಂದ ಇನ್ನೊಂದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ ಮುರಿಯುವುದಿಲ್ಲವೆಂಬುದನ್ನು ನಾವು ತಡವಾಗಿ ಕಲಿತೆವು. ನಮಗಿಂತ ಮುಂಚೆ ಕಲಿಯುವವರಿಗೆ ಈ ಬರಹ ಉಪಯೋಗವಾದರೆ ಬರೆದದ್ದು ಸಾರ್ಥಕ.